ಸಿಪಿಯುವಿಗೊಂದು ಕವರು

ನಮ್ಮ ಮನೆಯಲ್ಲಿ ಬರಿಮೈಯಲ್ಲಿರುವುದು ಗೋಡೆ ಮಾತ್ರ. ಉಳಿದದ್ದಕ್ಕೆಲ್ಲ ಕವರಿದೆ. ಟೀವಿಗೆ ಕವರು, ಮಿಕ್ಸಿಗೆ ಕವರು, ಗ್ಯಾಸ್ ಸಿಲಿಂಡರಿಗೆ ಅಂಚು ನೆರಿಗೆಯಿರುವ ಲಂಗದಂಥ ಕವರು. ಚಿಕ್ಕಪ್ಪನ ಕನ್ನಡಕದ ಡಬ್ಬಿಗೆ ಒಂದು ಕವರು, ಆ ಕವರು ಕೊಳೆಯಾಗದಿರಲೆಂದು ಅದರ ಮೇಲೆ ಪ್ಲಾಸ್ಟಿಕ್ಕಿನ ಇನ್ನೊಂದು. ಎಲ್ಲ ಬಿಚ್ಚಿ ಕನ್ನಡಕ ಹೊರಗೆ ತೆಗೆಯುವಷ್ಟರಲ್ಲಿ ಅವರಿಗೆ ಏನು ಓದಬೇಕಿತ್ತೆಂಬುದೇ ಮರೆತುಹೋಗಿರುತ್ತದೆ.

ಕವರು ಹೊಲಿಯುವುದೇ ನಮ್ಮ ಕಸುಬು. ಸೋಫಾ, ಕಾರಿನ ಸೀಟು, ವಾಷಿಂಗ್ ಮಷೀನು, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಮುಂದಿನ ಕೋಣೆ ಅಂಗಡಿ. ಅಲ್ಲಿ ಕೌಂಟರಿನ ಹಿಂದೆ ಚಿಕ್ಕಪ್ಪ ಕೂತು ಮಾತಾಡುತ್ತಾರೆ. ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಮಷೀನು ತುಳಿಯುತ್ತಾರೆ. ಅದೇ ಕೋಣೆಯ ಮೂಲೆಯಲ್ಲಿ, ರೆಕ್ಸಿನ್ ಸುರುಳಿಗಳ ಸಂದಿಯಲ್ಲಿ, ಒಂದು ಮೇಜು, ಒಂದು ಕುರ್ಚಿ, ಒಂದು ಹಳೆಯ ಕಂಪ್ಯೂಟರು, ಮತ್ತು ನಾನು.

ನನಗೆ ಮನೆಯಲ್ಲಿ ಪಿಸು ಅಂತ ಹೆಸರು. ನಾನು ಮಾತಾಡುವುದು ಪಕ್ಕದವರಿಗೂ ಕೇಳುವುದಿಲ್ಲವಂತೆ. ಶಾಲೆ ಬೇಗ ಬಿಟ್ಟು ಇಲ್ಲಿಗೆ ಬಂದವಳು, ವಿಡಿಯೋ ನೋಡಿ, ನಿಲ್ಲಿಸಿ, ಮತ್ತೆ ನೋಡಿ, ಕಂಪ್ಯೂಟರಿನಲ್ಲಿ ಸೋಫಾ ಬಿಡಿಸುವುದನ್ನು ಕಲಿತೆ. ಗಿರಾಕಿಯ ಮನೆಯ ಸೋಫಾಕ್ಕೆ ಅವರು ಆರಿಸಿದ ಬಟ್ಟೆ ಹಾಕಿದರೆ ಹೇಗೆ ಕಾಣುತ್ತದೆಂದು ಕತ್ತರಿ ಹಾಕುವ ಮೊದಲೇ ತೋರಿಸುವ ಚಿತ್ರ. ಚಿತ್ರ ಮಾತಾಡುತ್ತದೆ. ನಾನು ಮಾತಾಡಬೇಕಾಗಿಲ್ಲ. ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು.

ಅದಕ್ಕೆ ಕುತ್ತು ಬಂದದ್ದು ಟಾಕೀಸಿನ ಕಡೆಯಿಂದ. ನಮ್ಮ ಬೀದಿಯ ಕೊನೆಯಲ್ಲಿರುವ ಹಳೆಯ ಟಾಕೀಸಿನ ಯಜಮಾನರಿಗೆ ಎಲ್ಲ ಸೀಟುಗಳಿಗೂ ಹೊಸ ಕವರು ಹಾಕಿಸುವ ಮನಸ್ಸಾಯಿತು. ಚಿಕ್ಕಪ್ಪ ಅವರ ಮುಂದೆ ಎದೆ ತಟ್ಟಿಕೊಂಡು ಹೇಳಿಬಿಟ್ಟರು: "ನಾಳೆ ಬೆಳಿಗ್ಗೆ ಬನ್ನಿ ಯಜಮಾನ್ರೇ, ಕವರು ಹಾಕಿದ ಮೇಲೆ ನಿಮ್ಮ ಟಾಕೀಸು ಹೆಂಗಿರುತ್ತೋ ಹಂಗೇ ತೋರಿಸ್ತೀವಿ. ಲೈಟು ಗೀಟು ಎಲ್ಲ ಸೇರಿಸಿ."

ಒಂದು ಸೋಫಾ ಬಿಡಿಸಲಿಕ್ಕೇ ಏದುಸಿರು ಬಿಡುವ ಕಂಪ್ಯೂಟರು ಅದು. ಟಾಕೀಸಿನ ಸಾಲು ಸಾಲು ಸೀಟು, ಒಂದೊಂದರ ಮೇಲೂ ಬೀಳುವ ಬೆಳಕು, ಒಂದೊಂದರ ನೆರಳು ಎಂದರೆ ಅದರ ಪಾಡೇನು? ಸೀಟುಗಳನ್ನು ಜೋಡಿಸಿ ಗುಂಡಿ ಒತ್ತಿದಾಗ ಅದು ತುಂಬ ಹೊತ್ತು ಯೋಚಿಸಿ, ಚಿತ್ರ ಮುಗಿಯುವುದು ನಾಳೆ ಸಂಜೆ ಎಂದು ತೋರಿಸಿತು.

"ಸಂಜೆ?" ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತರು. "ಅವರು ಬರೋದು ಬೆಳಿಗ್ಗೆ. ಈ ಮುದಿ ಡಬ್ಬ ಈ ಸಲವೂ ಕೈ ಕೊಟ್ರೆ ಗುಜರಿಗೆ ಹಾಕೋದೇ. ಆಮೇಲೆ ನೀನು ಇಲ್ಲಿ ಕೂತು ಏನು ಮಾಡ್ತೀಯ? ಮುಂದೆ ಬಂದು ಕೌಂಟರಲ್ಲಿ ಕೂತ್ಕೊ. ನಾಲ್ಕು ಜನರ ಹತ್ರ ಮಾತಾಡೋದು ಕಲಿ."

ಕೌಂಟರು! ಹಿಂದೆ ಒಂದು ದಿನ ಚಿಕ್ಕಪ್ಪನಿಗೆ ಜ್ವರ ಬಂದಾಗ ನನ್ನನ್ನು ಅಲ್ಲಿ ಕೂರಿಸಿದ್ದರು. ಬಂದ ಗಿರಾಕಿ "ಯಾರೂ ಇಲ್ವಾ?" ಎಂದು ಕೂಗಿದರು. ನಾನು ಅವರ ಎದುರಿಗೇ ಇದ್ದೆ. ಉತ್ತರ ಕೊಡುವ ಧೈರ್ಯ ಬರುವಷ್ಟರಲ್ಲಿ ಅವರು ಪಕ್ಕದ ಬೀದಿ ತಲುಪಿದ್ದರು.

ಹಾಗಾಗಿ ಭಾವನಿಗೆ ಮೆಸೇಜು ಹಾಕಿದೆ. ಭಾವ ಎಂದರೆ ನನ್ನ ಅಕ್ಕನ ಗಂಡ, ಸ್ಕೂಟರ್ ಮೆಕ್ಯಾನಿಕ್. ತಿರುಗುವ ಯಾವುದನ್ನೇ ಆಗಲಿ ಬಿಚ್ಚಬಲ್ಲರು. ಜೋಡಿಸುವ ವಿಷಯದಲ್ಲಿ ಮಾತ್ರ ಅಭಿಪ್ರಾಯಭೇದವಿದೆ.

ನಾನು ಅವರಿಗೆ ವಿಡಿಯೋ ತೋರಿಸಿದೆ. ಪ್ರೊಸೆಸರು ಎಷ್ಟು ವೇಗವಾಗಿ ಓಡಬೇಕೆಂದು ಕಾರ್ಖಾನೆಯಲ್ಲೇ ಗೊತ್ತುಮಾಡಿ ಕಳಿಸಿರುತ್ತಾರೆ. ಕೆಲವು ಜಾತಿಯ ಪ್ರೊಸೆಸರುಗಳಲ್ಲಿ ಆ ವೇಗವನ್ನು ನಾವೇ ಒಂದಿಷ್ಟು ಮೇಲಕ್ಕೆ ತಳ್ಳಬಹುದು. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ತಳ್ಳಿದಷ್ಟೂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಕಂಪ್ಯೂಟರು ಜೀವ ಉಳಿಸಿಕೊಳ್ಳಲು ತಾನಾಗಿಯೇ ಆರಿಹೋಗುತ್ತದೆ. ನಮ್ಮ ಮುದಿಯಪ್ಪ ಆ ಜಾತಿಯವನೇ ಆಗಿದ್ದ.

"ಇಷ್ಟೇನಾ ನಾದಿನಿ?" ಭಾವ ತೋಳು ಮಡಚಿದರು. "ಸ್ಕೂಟರಿಗೂ ಕಂಪನಿಯೋರು ಹಿಂಗೇ ಕೈಕಾಲು ಕಟ್ಟಿ ಕಳಿಸಿರ್ತಾರೆ. ಬಿಚ್ಚಿ ಬಿಡೋದು ನಮ್ಮ ಕೆಲಸ."

"ನೀವು ಬಿಚ್ಚಿಬಿಟ್ಟ ನಮ್ಮ ಸ್ಕೂಟರು ಎಲ್ಲಿದೆ ಅಳಿಯಂದ್ರೇ?" ಮಷೀನಿನಿಂದ ತಲೆಯೆತ್ತದೆ ಚಿಕ್ಕಮ್ಮ ಕೇಳಿದರು.

"ಅದು ಬೇರೆ ವಿಷಯ ಅತ್ತೆ."

"ಇನ್ನೂ ನಿಮ್ಮ ಶೆಡ್ಡಲ್ಲೇ ಬಿಚ್ಕೊಂಡು ಬಿದ್ದಿದೆ. ಅದೇ ವಿಷಯ."

ಭಾವ ಕೇಳಿಸದವರಂತೆ ಸಿಪಿಯು ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗಿನ ಧೂಳನ್ನು ಊದಿದರು. ಆ ಧೂಳು ಚಿಕ್ಕಪ್ಪನ ಮೀಸೆಯ ಮೇಲೆ ಹೋಗಿ ಕೂತಿತು. ಯಾವುದೋ ಹಾಳಾದ ಕಂಪ್ಯೂಟರಿನಿಂದ ಕಿತ್ತು ತಂದ ದೊಡ್ಡ ಫ್ಯಾನೊಂದನ್ನು ಪ್ರೊಸೆಸರಿನ ಮೇಲೆ ಕೂರಿಸಿದರು. ಅದು ತುಂಬ ಭಾರವಿತ್ತು. ಪೆಟ್ಟಿಗೆ ನಿಂತಿದ್ದರೆ ಎತ್ತಿನ ಕೊರಳ ಗಂಟೆಯ ಹಾಗೆ ಜೋತಾಡುತ್ತಿತ್ತು.

"ಮಲಗಿಸಿಬಿಡೋಣ," ಅಂದರು ಭಾವ. "ಮಲಗಿದ್ರೆ ಭಾರ ಗೊತ್ತಾಗಲ್ಲ. ಮನುಷ್ಯರಿಗೂ ಅಷ್ಟೇ ತಾನೇ?"

ಹಾಗೆ ಹಳೆಯ ಕಾಲದ ಗಟ್ಟಿ ಕಬ್ಬಿಣದ ಪೆಟ್ಟಿಗೆಯನ್ನು ಮೇಜಿನ ಪಕ್ಕದಲ್ಲಿ ಎರಡು ಹಲಗೆಗಳ ಮೇಲೆ ಅಡ್ಡ ಮಲಗಿಸಿದೆವು. ಕಂಪ್ಯೂಟರು ಎದ್ದೇಳುವಾಗ ಒಂದು ಕೀಲಿ ಒತ್ತಿ ಹಿಡಿದರೆ ನೀಲಿ ತೆರೆ ಬರುತ್ತದೆ. ಅಲ್ಲಿ ವೇಗದ ಅಂಕಿ ಇರುತ್ತದೆ. ನಾನು ಒಂದು ಮೆಟ್ಟಿಲು ಏರಿಸಿದೆ. ಭಾವ "ಏನು ಜಿಪುಣತನ!" ಎಂದು ನನ್ನ ಕೈ ಸರಿಸಿ ಒಂದೇ ಸಲ ಬಹಳಷ್ಟು ಏರಿಸಿದರು. ಕಂಪ್ಯೂಟರು ಕೀಂ ಎಂದು ಒಮ್ಮೆ ಅತ್ತು ತೆರೆ ಕಪ್ಪಗೆ ಮಾಡಿಕೊಂಡು ಕೂತಿತು.

"ಹೋಯ್ತು," ಚಿಕ್ಕಪ್ಪ ಬಾಗಿಲಲ್ಲಿ ನಿಂತು ಅಂದರು. "ನಾಳೆಯಿಂದ ಕೌಂಟರು."

ಒಳಗಿರುವ ಗುಂಡಗಿನ ಪುಟ್ಟ ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಅದು ಎಲ್ಲ ಮರೆತು ಹಳೆಯ ವೇಗಕ್ಕೆ ಬರುತ್ತದೆಂದು ವಿಡಿಯೋದಲ್ಲಿತ್ತು. ಹಾಗೇ ಮಾಡಿದೆ. ಎದ್ದಿತು. ಆಮೇಲೆ ಭಾವನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಒಂದೊಂದೇ ಮೆಟ್ಟಿಲು ಏರಿಸುತ್ತ, ಒಂದೊಂದು ಸಲವೂ ಸ್ವಲ್ಪ ಹೊತ್ತು ಓಡಿಸಿ ನೋಡುತ್ತ ಹೋದೆ. ತೆರೆಯ ಮೂಲೆಯಲ್ಲಿ ಶಾಖದ ಅಂಕಿ ಹಸಿರಾಗಿಯೇ ಇತ್ತು. ಚಿತ್ರ ಮುಗಿಯುವ ಹೊತ್ತು ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಇಳಿಯಿತು. ಭಾವ ಬಗ್ಗಿ ಫ್ಯಾನಿನ ಗಾಳಿ ಮೂಸಿದರು.

"ವಾಸನೆ ಚೆನ್ನಾಗಿದೆ," ಎಂದು ಸರ್ಟಿಫಿಕೇಟು ಕೊಟ್ಟರು.

ನಾವು ಪೆಟ್ಟಿಗೆಯ ಬಾಗಿಲು ಹಾಕಿ ಊಟಕ್ಕೆ ಹೋದೆವು. ವಾಪಸು ಬಂದರೆ ಕಂಪ್ಯೂಟರು ಆರಿಹೋಗಿತ್ತು. ಮತ್ತೆ ಹೊತ್ತಿಸಿ, ಕೈ ತೊಳೆದು ಬಂದರೆ ಮತ್ತೆ ಆರಿಹೋಗಿತ್ತು. ಭಾವ ವಿದ್ಯುತ್ತನ್ನು ಬೈದರು, ಫ್ಯಾನನ್ನು ಬೈದರು, ಅದನ್ನು ಮಾರಿದವನ ತಾತನನ್ನೂ ಬೈದರು. ನನಗೆ ಮಾತ್ರ ಪೆಟ್ಟಿಗೆಯ ಮೇಲೆ ಒಂದು ನೂಲಿನ ಎಳೆ ಬಿದ್ದಿರುವುದು ಕಾಣಿಸಿತು. ಚಿಕ್ಕಮ್ಮನ ಸೀರೆಯ ಬಣ್ಣದ್ದಲ್ಲ. ಕಂಪ್ಯೂಟರಿನ ಹಳೆಯ ಕವರಿನ ಬಣ್ಣದ್ದು.

ಮೂರನೆಯ ಸಲ ನಾನು ಊಟದ ಕೋಣೆಗೆ ಹೋದಂತೆ ಮಾಡಿ ಸುರುಳಿಗಳ ಹಿಂದೆ ನಿಂತೆ. ಚಿಕ್ಕಮ್ಮ ಮಷೀನಿನಿಂದ ಎದ್ದರು. ಗುನುಗುತ್ತ ಬಂದರು. ಓಡುತ್ತಿರುವ ಸಿಪಿಯುವಿನ ಮೇಲೆ ಕವರು ಹೊದಿಸಿ, ಮಗುವಿಗೆ ಹೊದಿಸಿದ ಹಾಗೆ ಮೂಲೆಗಳನ್ನು ಒಳಕ್ಕೆ ಸಿಕ್ಕಿಸಿ, ವಾಪಸು ಹೋಗಿ ಕೂತರು. ಮೊದಲೆರಡು ಸಲ ಅದನ್ನು ತೆಗೆದಿಟ್ಟದ್ದು ನನ್ನದೇ ಕೈಯಿರಬೇಕು; ಈ ಮನೆಯಲ್ಲಿ ಕವರು ತೆಗೆದದ್ದೂ ಗೊತ್ತಾಗುವುದಿಲ್ಲ.

"ಚಿಕ್ಕಮ್ಮಾ," ಅಂದೆ.

"ಅಯ್ಯೋ! ಅಲ್ಲೇನೇ ಮಾಡ್ತಿದ್ದೀಯ?"

ನಾನು ಕವರನ್ನು ತೋರಿಸಿದೆ. ಗಾಳಿಯಾಡಲು ಬಿಟ್ಟಿದ್ದ ಕಿಂಡಿಗಳೆಲ್ಲ ಅದರೊಳಗೆ ಮುಚ್ಚಿಹೋಗಿದ್ದವು. ಚಿಕ್ಕಮ್ಮ ಅದನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು.

"ನಾನೆಲ್ಲೇ ಹಾಕ್ದೆ?" ಅಂದರು. "ನಿಜವಾಗ್ಲೂ ಹಾಕ್ದೆನಾ? ಕೈ ತಾನಾಗೇ ಹಾಕಿಬಿಡುತ್ತೆ ಕಣೇ. ಧೂಳು ಕೂರುತ್ತಲ್ಲ."

ಭಾವ ನಕ್ಕು ನಕ್ಕು ಗೋಡೆಗೆ ಒರಗಿದರು. "ಬಿಸಿಲಲ್ಲಿ ಓಡೋನಿಗೆ ಕಂಬಳಿ ಹೊದಿಸಿದ್ದೀರಲ್ಲ ಅತ್ತೆ!"

"ಇನ್ಮೇಲೆ ಮುಟ್ಟಲ್ಲ ಬಿಡಿ. ಆರಿಸಿದ ಮೇಲೆ ಹಾಕ್ತೀನಿ." ಅಷ್ಟು ಹೇಳಿ ಹಳೆಯ ಕವರನ್ನು ಎತ್ತಿ ಹಿಡಿದು ಮುಖ ಸಿಂಡರಿಸಿದರು. "ಆದ್ರೂ ಇದು ಸರಿ ಕೂರ್ತಿರಲಿಲ್ಲ. ನಿಂತೋನ ಬಟ್ಟೆ ಮಲಗಿದೋನಿಗೆ ಆಗುತ್ತಾ? ಹೊಸದು ಹೊಲಿಬೇಕು."

ಕಳೆದುಹೋದ ಹೊತ್ತನ್ನು ತುಂಬಲು ಇನ್ನೊಂದು ಮೆಟ್ಟಿಲು ಏರಿಸಿದ ಮೇಲೆ, ಸಂಜೆ ಹೊತ್ತಿಗೆ ಚಿತ್ರ ಶುರುವಾಯಿತು. ತೆರೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಬಂತು. ಮೊದಲು ಟಾಕೀಸಿನ ಚಾವಣಿ, ಆಮೇಲೆ ಗೋಡೆಯ ದೀಪಗಳು. ಬೆಳಿಗ್ಗೆ ನಾನು ಎದ್ದು ಬಂದು ನೋಡಿದಾಗ ಹಿಂದಿನ ಸಾಲುಗಳೆಲ್ಲ ಮೂಡಿದ್ದವು. ಮುಂದಿನ ಕೆಲವೇ ಸಾಲು ಬಾಕಿ. ಅಂಕಿ ಹಸಿರು. ಮುದಿಯಪ್ಪ ಒಂದೇ ಉಸಿರಿನಲ್ಲಿ ಗುಂಯ್‌ಗುಡುತ್ತಿದ್ದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಬೆನ್ನು ತಟ್ಟಿದೆ.

ಚಿಕ್ಕಮ್ಮ ಹೊಸ ಕವರು ಹೊಲಿದು ಮುಗಿಸಿ ಹಲ್ಲಿನಿಂದ ನೂಲು ಕತ್ತರಿಸುತ್ತಿದ್ದರು. ಟಾಕೀಸಿಗೆಂದು ತರಿಸಿದ್ದ ಸ್ಯಾಂಪಲ್ ರೆಕ್ಸಿನ್ನು, ಮೇಲೆ ದಪ್ಪ ಫೋಮು, ಅಂಚಿನ ಸುತ್ತ ಹುರಿಯಂತೆ ಉಬ್ಬಿದ ಪೈಪಿಂಗು, ಕೆಳಗೆ ನೆಲ ಮುಟ್ಟುವ ನೆರಿಗೆ. "ಮೇಲೆ ಏನಾದ್ರೂ ಬಿದ್ರೆ ಪೆಟ್ಟಾಗಬಾರದಲ್ಲ," ಎಂದು ಫೋಮಿಗೆ ಕಾರಣ ಕೊಟ್ಟರು. ನಾನು ಕವರಿನ ಕಡೆ ನೋಡಿದೆ, ಅವರ ಕಡೆ ನೋಡಿದೆ.

"ಆರಿಸಿದ ಮೇಲೆ!" ಅಂದರು ಚಿಕ್ಕಮ್ಮ. "ಗೊತ್ತು ಕಣೇ. ಹಂಗೆ ನೋಡ್ಬೇಡ."

ಆಗ ಮುಂದಿನ ಕೋಣೆಯಿಂದ ಚಿಕ್ಕಪ್ಪನ ದನಿ ಬಂತು. "ಬನ್ನಿ ಬನ್ನಿ ಯಜಮಾನ್ರೇ! ಹೇಳಿದ್ದಕ್ಕಿಂತ ಮೊದಲೇ ಬಂದ್ರಿ!" ಅದರ ಹಿಂದೆಯೇ, "ಪಿಸೂ, ಸ್ಯಾಂಪಲ್ ಪುಸ್ತಕ ಎಲ್ಲಿ?"

ಸ್ಯಾಂಪಲ್ ಪುಸ್ತಕ ಅಡುಗೆಮನೆಯಲ್ಲಿ ಅದರ ಕವರಿನೊಳಗೆ ಇತ್ತು. ಹುಡುಕಿ, ಬಿಚ್ಚಿ, ತೆಗೆದುಕೊಂಡು ಓಡಿ ಬಂದೆ. ಬಂದವಳು ಬಾಗಿಲಲ್ಲೇ ಹಾವು ತುಳಿದವಳಂತೆ ನಿಂತೆ.

ಟಾಕೀಸಿನ ಯಜಮಾನರು ನಮ್ಮ ಹಿಂದಿನ ಕೋಣೆಯಲ್ಲಿ, ತೆರೆಯ ಎದುರಿಗೆ, ಕೋಲನ್ನು ಮಂಡಿಯ ಮೇಲಿಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದರು. ಉದ್ದಕ್ಕೆ, ತೆಳ್ಳಗೆ, ಮಡಚಿಟ್ಟ ಕೊಡೆಯ ಹಾಗಿದ್ದ ಮುದುಕರು. ಅವರು ಕೂತಿದ್ದದ್ದು ಕುರ್ಚಿಯ ಮೇಲಲ್ಲ. ದಪ್ಪ ಫೋಮಿನ, ಪೈಪಿಂಗಿನ, ನೆಲ ಮುಟ್ಟುವ ನೆರಿಗೆಯ ಒಂದು ಸೊಗಸಾದ ಸ್ಟೂಲಿನ ಮೇಲೆ.

ಚಿಕ್ಕಮ್ಮ ನನ್ನ ಪಕ್ಕಕ್ಕೆ ಸರಿದು ಬಂದರು. ಅವರ ಮುಖ ಬಿಳಿಚಿತ್ತು. "ಮನೆಗೆ ಜನ ಬಂದ್ರಲ್ಲ... ಕೈ ತಾನಾಗೇ..."

"ಎಬ್ಬಿಸಿ," ಎಂದು ಉಸುರಿದೆ.

"ಕೂತೋರನ್ನ ಏಳಿ ಅನ್ನೋಕಾಗುತ್ತಾ? ಅದೂ ಆರ್ಡರು ಕೊಡೋಕೆ ಬಂದೋರನ್ನ?"

ತೆರೆಯ ಮೂಲೆಯ ಅಂಕಿ ಹಳದಿಗೆ ತಿರುಗಿತ್ತು. ಮುಂದಿನ ಎರಡು ಸಾಲು ಸೀಟು ಇನ್ನೂ ಮೂಡಿರಲಿಲ್ಲ. ಅದು ಕೆಂಪಾಗಿ ಆರಿಹೋದರೆ ಇಡೀ ರಾತ್ರಿಯ ಚಿತ್ರ ಹೋದ ಹಾಗೆ. ಆಮೇಲೆ ಗುಜರಿ. ಆಮೇಲೆ ಕೌಂಟರು.

"ಆಹಾ," ಅಂದರು ಯಜಮಾನರು ಇದ್ದಕ್ಕಿದ್ದ ಹಾಗೆ. "ಇದೇನ್ರೀ ಇದು? ಕೆಳಗಿಂದ ಬೆಚ್ಚಗೆ ಬರ್ತಿದೆ?"

ಚಿಕ್ಕಪ್ಪನಿಗೆ ಅದು ಕಂಪ್ಯೂಟರೆಂದು ಗೊತ್ತಿರಲಿಲ್ಲ. ಹೊಸ ಕವರನ್ನು ಅವರು ನೋಡಿಯೇ ಇರಲಿಲ್ಲ. ಆದರೆ ಗಿರಾಕಿ ಮೆಚ್ಚಿದ್ದನ್ನು ಅಲ್ಲಗಳೆಯುವುದು ಅವರ ರಕ್ತದಲ್ಲೇ ಇಲ್ಲ.

"ಬರ್ಲೇಬೇಕಲ್ಲ ಯಜಮಾನ್ರೇ! ನಮ್ಮ ಫೋಮು ಅಂಥದ್ದು."

"ಸೊಂಟ ಹಿಡ್ಕೊಂಡು ಒಂದು ಕಾಲ ಆಯ್ತು. ಕಾವು ಕೊಡಿ ಅಂತಾರೆ ಡಾಕ್ಟ್ರು. ಯಾರು ಕೊಡ್ತಾರೆ? ಇದು ನೋಡಿ, ಸುಮ್ನೆ ಕೂತ್ರೆ ಸಾಕು." ಅವರು ಕಣ್ಣು ಮುಚ್ಚಿದರು. "ಗುಂಯ್ ಅಂತ ಸದ್ದೂ ಬರ್ತಿದೆಯಲ್ಲ?"

"ಅದು..." ಚಿಕ್ಕಪ್ಪ ಒಂದು ಗಳಿಗೆ ತಡವರಿಸಿದರು. "ಅದು ಮಸಾಜು."

ನಾನು ನನ್ನ ಕುರ್ಚಿಯನ್ನು ಎಳೆದು ಯಜಮಾನರ ಪಕ್ಕಕ್ಕಿಟ್ಟೆ. ಕೈ ತೋರಿಸಿದೆ. ಅವರು ನನ್ನತ್ತ ಪ್ರೀತಿಯಿಂದ ನೋಡಿ, "ನೀನೇ ಕೂತ್ಕೊಳಮ್ಮ, ದಣಿದಿರ್ತೀಯ," ಅಂದರು. ನಾನು ಬೆಪ್ಪಾಗಿ ಕೂತೆ.

"ಬಟ್ಟೆಯ ಬಣ್ಣ ಮುಂದಿನ ಕೋಣೆ ಬೆಳಕಲ್ಲಿ ಚೆನ್ನಾಗಿ ಕಾಣುತ್ತೆ," ಅಂದರು ಚಿಕ್ಕಮ್ಮ.

"ಟಾಕೀಸಲ್ಲಿ ಕತ್ತಲೇ ಇರೋದು ತಾಯೀ. ಇಲ್ಲೇ ತನ್ನಿ."

ಅಷ್ಟರಲ್ಲಿ ಭಾವ ಬಂದರು. ಒಳಗೆ ಕಾಲಿಟ್ಟವರೇ ಸ್ಟೂಲನ್ನು ನೋಡಿದರು, ತೆರೆಯನ್ನು ನೋಡಿದರು, ನನ್ನನ್ನು ನೋಡಿದರು. ಮೆಕ್ಯಾನಿಕ್ಕಿಗೆ ಎಲ್ಲ ಅರ್ಥವಾಯಿತು.

"ಯಜಮಾನ್ರೇ!" ಎಂದು ಕೂಗಿದರು. "ಹೊರಗೆ ನಿಮ್ಮ ಗಾಡಿ ಯಾರೋ ತಳ್ಕೊಂಡು ಹೋಗ್ತಿದ್ದಾರೆ!"

"ನಾನು ನಡ್ಕೊಂಡು ಬಂದಿದ್ದೀನಪ್ಪ," ಅಂದರು ಯಜಮಾನರು ಕಣ್ಣು ತೆರೆಯದೆ.

ಅಂಕಿ ಕೆಂಪಾಯಿತು.

ಕೊನೆಯ ಸಾಲಿನ ಮೊದಲ ಸೀಟು ಆಗಷ್ಟೇ ಮೂಡುತ್ತಿತ್ತು. ಪೆಟ್ಟಿಗೆಯೊಳಗಿನ ಗುಂಯ್‌ಗುಡುವಿಕೆ ಏರಿ ಏರಿ ಅಳುವಾಗಿತ್ತು. ಅಂಗಡಿಯ ಮುಂದಿನ ಕೌಂಟರು, ಅದರ ಮೇಲಿನ ಗಾಜು, ಗಾಜಿನ ಆಚೆ ನಿಂತು ಬಾಯಿ ತೆರೆಯುವ ನೂರಾರು ಗಿರಾಕಿಗಳು ನನ್ನ ಕಣ್ಣ ಮುಂದೆ ಬಂದರು. ನನ್ನೊಳಗೆ ಏನೋ ಒಂದು ಮೆಟ್ಟಿಲು ಮೇಲಕ್ಕೆ ಹೋಯಿತು.

"ಏಳ್ರೀ ಮೇಲೆ!"

ಆ ದನಿ ಯಾರದೆಂದು ನಾನೂ ತಿರುಗಿ ನೋಡಿದೆ. ಬೀದಿಯಲ್ಲಿ ಯಾರೋ ಸೈಕಲ್ಲು ನಿಲ್ಲಿಸಿದ ಸದ್ದು ಕೇಳಿಸಿತು. ಸುರುಳಿಯ ಮೇಲೆ ಕೂತಿದ್ದ ಚಿಕ್ಕಪ್ಪ ಎದ್ದುಬಿಟ್ಟರು. ಯಜಮಾನರು ಸೊಂಟನೋವನ್ನು ಮರೆತು ಸಿಪಾಯಿಯ ಹಾಗೆ ನೆಟ್ಟಗೆ ನಿಂತರು. ನಾನು ಕವರನ್ನು ಕಿತ್ತೆಸೆದೆ. ಬಿಸಿಗಾಳಿ ಗುಪ್ಪೆಂದು ಬಂದು ಮುಖಕ್ಕೆ ಹೊಡೆಯಿತು. ಚಿಕ್ಕಮ್ಮ ಸ್ಯಾಂಪಲ್ ಪುಸ್ತಕ ಹಿಡಿದು ಗಾಳಿ ಬೀಸತೊಡಗಿದರು. ಭಾವ ನೆಲದ ಮೇಲೆ ಉದ್ದಕ್ಕೆ ಮಲಗಿ ಕಿಂಡಿಗೆ ಬಾಯಿಟ್ಟು ಊದಿದರು.

"ಇದು ಸ್ಟೂಲಲ್ಲ," ಅಂದೆ. ಒಮ್ಮೆ ಶುರುವಾದ ಮಾತು ನಿಲ್ಲಲೇ ಇಲ್ಲ. "ಇದು ಕಂಪ್ಯೂಟರು. ನಿಮ್ಮ ಟಾಕೀಸು ಇದರೊಳಗಿದೆ. ನಿನ್ನೆ ಸಂಜೆಯಿಂದ ಒಂದೇ ಸಮ ಬಿಡಿಸ್ತಿದೆ. ನಿಮಗೆ ಬೇಗ ತೋರಿಸ್ಬೇಕು ಅಂತ ಅದರ ವೇಗ ಏರಿಸಿದ್ದೀವಿ, ಅದಕ್ಕೇ ಬಿಸಿ. ಇನ್ನು ಸ್ವಲ್ಪ ಹೊತ್ತು ಕೂತಿದ್ರೆ ಎಲ್ಲ ಅಳಿಸಿಹೋಗ್ತಿತ್ತು. ಅದು ಮಸಾಜಲ್ಲ, ಫ್ಯಾನು. ಇನ್ನೊಂದೇ ಒಂದು ಸಾಲು ಬಾಕಿ ಇದೆ. ದಯವಿಟ್ಟು ನಿಂತ್ಕೊಂಡೇ ಇರಿ."

ಯಾರೂ ಉಸಿರೆತ್ತಲಿಲ್ಲ, ಊದುತ್ತಿದ್ದ ಭಾವನನ್ನು ಬಿಟ್ಟು. ಅಂಕಿ ಕೆಂಪಿನಲ್ಲೇ ಸ್ವಲ್ಪ ಹೊತ್ತು ತಿಣುಕಿತು. ಆಮೇಲೆ ಹಳದಿಗೆ ಇಳಿಯಿತು. ಚೌಕಗಳು ಒಂದೊಂದಾಗಿ ತುಂಬಿದವು. ಕೊನೆಯ ಸೀಟಿನ ಕೈಯಾನಿಕೆ ಮೂಡಿ, ಅದರ ನೆರಳು ಬಿದ್ದು, ಚಿತ್ರ ಮುಗಿಯಿತು.

ತೆರೆಯ ತುಂಬ ಟಾಕೀಸು. ಗೋಡೆಯ ದೀಪದ ಬೆಳಕು ಸಾಲು ಸಾಲು ಗಾಢ ಕೆಂಪಿನ ಸೀಟುಗಳ ಭುಜದ ಮೇಲೆ ಮೆಲ್ಲಗೆ ಕೂತಿತ್ತು. ಯಜಮಾನರು ಕೋಲೂರಿ ಹತ್ತಿರಕ್ಕೆ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಮೂರನೇ ಸಾಲಲ್ಲಿ ಒಂದು ಸೀಟು ಓರೆಯಾಗಿದೆಯಲ್ಲ?"

"ನಿಮ್ಮಲ್ಲೂ ಅದು ಓರೆಯಾಗೇ ಇದೆ," ಅಂದೆ. "ಸಿನಿಮಾಕ್ಕೆ ಬಂದಾಗ ನೋಡಿದ್ದೆ."

ಅವರು ನನ್ನ ಕಡೆ ತಿರುಗಿದರು. ಮುಖದ ತುಂಬ ನಗೆ ಹರಡಿತು. "ನಾನು ದಿನಾ ನೋಡ್ತೀನಿ, ನನಗೇ ಕಂಡಿರಲಿಲ್ಲ. ಇದೇ ಬಣ್ಣ ಹಾಕಿ. ಎಲ್ಲದಕ್ಕೂ."

ಅವರು ಹೋದ ಮೇಲೆ ಚಿಕ್ಕಪ್ಪ ನನ್ನನ್ನೇ ದಿಟ್ಟಿಸಿದರು. "ಇಂಥಾ ಗಂಟಲು ಇಟ್ಕೊಂಡು ಇಷ್ಟು ದಿನ ಮೂಲೇಲಿ ಕೂತಿದ್ದೆಯಲ್ಲೇ! ಕೌಂಟರಿಗೆ ಹೇಳಿ ಮಾಡಿಸಿದ ಹಾಗಿದೆ."

ನಾನು ಮುದಿಯಪ್ಪನ ಪಕ್ಕಕ್ಕೆ ಸರಿದು ನಿಂತೆ.

"ಬೇಡ ಬಿಡಿ," ಚಿಕ್ಕಮ್ಮ ಹೊಸ ಕವರನ್ನು ಕೊಡವುತ್ತ ಅಂದರು. "ಕೌಂಟರಲ್ಲಿ ಕೂರಿಸಿದ್ರೆ ಬಂದೋರನ್ನೆಲ್ಲ ಏಳಿ ಮೇಲೆ ಅಂತಾಳೆ. ಅವಳು ಇಲ್ಲೇ ಇರ್ಲಿ. ಅವಳ ಡಬ್ಬಾನೂ ಇಲ್ಲೇ ಇರ್ಲಿ."

ಚಿಕ್ಕಪ್ಪ ಸ್ವಲ್ಪ ಯೋಚಿಸಿ, ಗಿರಾಕಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಪ್ಪಿದರು. ಚಿಕ್ಕಮ್ಮ ಕವರಿನ ನಾಲ್ಕು ಬದಿಯನ್ನೂ ಕತ್ತರಿಸಿ ಸೊಳ್ಳೆಪರದೆಯ ಬಟ್ಟೆ ಹಾಕಿದರು. ಮೇಲೆ ದಪ್ಪ ದಾರದಲ್ಲಿ 'ಕೂರಬಾರದು' ಎಂದು ಹೊಲಿದರು.

ಟಾಕೀಸಿನ ಸೀಟುಗಳಿಗೆ ಕವರು ಹಾಕಿ ಮುಗಿಸಿದ ಮರುದಿನ ಯಜಮಾನರು ಮತ್ತೆ ಬಂದರು. ಹಿಂದೆ ಅವರ ಗೇಟಿನವನು ಒಂದು ಪೆಟ್ಟಿಗೆ ಹೊತ್ತುಕೊಂಡಿದ್ದ. ಟಿಕೆಟ್ ಕೋಣೆಯಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಸಿಪಿಯು, ನಮ್ಮದಕ್ಕಿಂತಲೂ ಮುದಿ, ನಮ್ಮದಕ್ಕಿಂತಲೂ ಅಗಲ. ಯಜಮಾನರು ಕೌಂಟರಿನ ಹತ್ತಿರ ನಿಲ್ಲಲಿಲ್ಲ. ನೇರ ನನ್ನ ಮೂಲೆಗೆ ಬಂದು, 'ಕೂರಬಾರದು' ಎಂಬುದನ್ನು ಓದಿ, ನಿಟ್ಟುಸಿರು ಬಿಟ್ಟರು.

"ಇದಕ್ಕೂ ಅದೇನೋ ವೇಗ ಏರಿಸಿ ಕೊಡಮ್ಮ," ಅಂದರು. "ಚಿತ್ರ ಗಿತ್ರ ಏನೂ ಬೇಡ. ಕಾವು ಬಂದ್ರೆ ಸಾಕು. ಮೇಲೆ ನಿಮ್ಮ ಚಿಕ್ಕಮ್ಮನ ಕವರು, ಫೋಮು ಸ್ವಲ್ಪ ಜಾಸ್ತಿ."

ಬಾಗಿಲಲ್ಲಿ ಚಿಕ್ಕಪ್ಪ ಆಗಲೇ ಬಾಯಿ ತೆರೆದಿದ್ದರು, ನಮ್ಮಲ್ಲಿ ಇಂಥವು ಎಷ್ಟೋ ಹೋಗಿವೆ ಎಂದು ಹೇಳಲು. ನಾನು ಅವರಿಗಿಂತ ಮೊದಲು ಮಾತಾಡಿದೆ. ಸ್ವಲ್ಪವೇ. ಆದರೆ ಕೇಳಿಸುವ ಹಾಗೆ.

"ಆಗಲಿ. ಎಷ್ಟು ಬಿಸಿ ಬೇಕು?"

ಯಜಮಾನರು ಸೊಂಟದ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. "ಆವತ್ತು ಹಳದಿ ಇತ್ತಲ್ಲ," ಅಂದರು, "ಅಷ್ಟು."